ಒಪ್ಪಿಗೆ ಕೇಳಿದ ಕಾಗದ

ಕಳೆದ ವರ್ಷದ ಬೇಸಿಗೆ. ಟಿ.ವಿ. ಹಚ್ಚಿದರೆ ಸಾಕು, ಗಡಿಯದೇ ಸುದ್ದಿ. ಆ ದಿನವೂ ಎಂದಿನಂತೆ ಬೇಗ ಎದ್ದು ನಳದ ನೀರು ತುಂಬಿಸಿದೆ. ಗಂಗಾವತಿ ಪೇಟೆಯಲ್ಲಿ ಬೀಜ-ಗೊಬ್ಬರದ ಅಂಗಡಿಯಲ್ಲಿ ಕೆಲಸ ಮಾಡುವ ನಮ್ಮ ಮನೆಯವರಿಗೆ ಡಬ್ಬಿ ಕಟ್ಟಿ ಕಳಿಸಿದೆ. ಆಮೇಲೆ ನನಗೂ ಅತ್ತೆಗೂ ರೊಟ್ಟಿ ಮಾಡಲು ಜೋಳದ ಹಿಟ್ಟು ನಾದುತ್ತ ಕೂತಿದ್ದೆ.

"ಸರ್ವೆ ಮಾಡಾಕ ಬಂದೀನ್ರಿ" ಎಂದು ಬಾಗಿಲಲ್ಲಿ ಯಾರೋ ಕರೆದರು. ಅಷ್ಟು ಕೇಳಿದ್ದೇ ತಡ, ಅತ್ತೆ ಹಾಸಿಗೆಯ ಚಾದರ ಎಳೆದು ಫ್ರಿಜ್ಜಿನ ಮೇಲೆ ಹೊದಿಸಿದರು. ನಮ್ಮ ಓಣಿಯಲ್ಲಿ ಸರ್ವೆ ಎಂದರೆ ರೇಷನ್ ಕಾರ್ಡಿನದು ಎಂದೇ ಲೆಕ್ಕ. ಕಾರ್ಡು ರದ್ದಾಗಬಾರದೆಂದು ಏನು ಕೇಳಿದರೂ ಇಲ್ಲ ಎನ್ನುವುದು ರೂಢಿ.

ಬಂದವರು ಹೈಸ್ಕೂಲಿನ ಟೀಚರ್. ಸೀರೆಯ ಅಂಚಿಗೆಲ್ಲ ಧೂಳು. ಫಾರ್ಮುಗಳ ಕಟ್ಟಿಗೆ ಕೂದಲಿನ ರಬ್ಬರ್‌ಬ್ಯಾಂಡ್ ಹಾಕಿದ್ದರು.

"ಮನ್ಯಾಗ ಎಷ್ಟು ಮಂದಿ ಅದೀರಿ ಅಮ್ಮಾ?"

"ನಾ ಒಬ್ಬಾಕಿನ ನೋಡ್ರಿ ಅಕ್ಕಾರ. ಮಗ ಬ್ಯಾರೆ ಆಗ್ಯಾನ."

ಫ್ರಿಜ್ಜು ಚಾದರದೊಳಗೇ ಗುಂಯ್ ಎನ್ನುತ್ತಿತ್ತು. ಟೀಚರ್ ಅದನ್ನೊಮ್ಮೆ ನೋಡಿ, ಅಡುಗೆಮನೆ ಬಾಗಿಲಲ್ಲಿ ನಿಂತ ನನ್ನ ಕಡೆ ತಿರುಗಿದರು. "ಇವರು?"

"ನೆಂಟ್ರಾಕಿ. ಎರಡು ದಿನಕ್ಕ ಬಂದಾಳ."

ನಾನು ಈ ಮನೆಗೆ ಮದುವೆಯಾಗಿ ಬಂದು ಹದಿನೆಂಟು ವರ್ಷ. ಟೀಚರ್ ಒಬ್ಬರೆಂದು ಬರೆದುಕೊಂಡು, ಫಾರ್ಮು ನೋಡಿ ಓದಿದರು: "ಯುದ್ಧದ ಸಂದರ್ಭದಲ್ಲಿ ದೇಶಕ್ಕಾಗಿ ಸೇವೆ ಸಲ್ಲಿಸಲು ನಿಮಗೆ ಒಪ್ಪಿಗೆ ಇದೆಯೇ?" ಸೇನೆ, ರಕ್ಷಣಾ ಕೆಲಸ, ಪ್ರಥಮ ಚಿಕಿತ್ಸೆ ಎಂದು ಕೆಳಗೆ ಸಾಲುಗಳಿದ್ದವು. ಆಮೇಲೆ, "ನಿಮಗ ವಯಸ್ಸು ಮೀರೈತಿ ಬಿಡ್ರಿ" ಎಂದು ಇಡೀ ಪುಟಕ್ಕೆ ಅಡ್ಡಗೆರೆ ಎಳೆಯಲು ಪೆನ್ನು ಊರಿದರು.

ಪ್ರಥಮ ಚಿಕಿತ್ಸೆ ಎಂದಾಗ ನನಗೆ ಶಾಲೆಯ ದಿನಗಳು ನೆನಪಾದವು. ಕಾನ್ವೆಂಟಿನಲ್ಲಿದ್ದಾಗ ಸಿಸ್ಟರೊಬ್ಬರು ಪ್ರತಿ ಶನಿವಾರ ನಮ್ಮಿಂದ ಬ್ಯಾಂಡೇಜ್ ಕಟ್ಟಿಸುತ್ತಿದ್ದರು. ಬಿಚ್ಚಿಸಿ ಮತ್ತೆ ಕಟ್ಟಿಸುತ್ತಿದ್ದರು. ಆ ಗೆರೆ ಬಿದ್ದರೆ ನಾನು ಈ ಮನೆಯಲ್ಲಿ ಇಲ್ಲವೇ ಇಲ್ಲ ಎಂದಂತಾಗುತ್ತಿತ್ತು.

"ಟೀಚರ್, ನಾನು ಈ ಮನಿ ಸೊಸಿ ಅದೀನ್ರಿ. ನನ್ನ ಹೆಸರು ಬರಕೊಳ್ರಿ" ಎಂದೆ.

ಅತ್ತೆಯ ಮುಖ ಕೆಂಪಾಯಿತು. ಟೀಚರ್ ಮಾತ್ರ ನಕ್ಕರು. "ಇದು ಕಾರ್ಡಿನ ಸರ್ವೆ ಅಲ್ರಿ ಅಮ್ಮಾ. ಬೆಳಿಗ್ಗಿಂದ ಮೂರು ಮನ್ಯಾಗ ಹಿಂಗ ಆತು. ಈ ಓಣ್ಯಾಗ ಬರೇ ಒಂಟಿ ಮುದುಕ್ಯಾರ ಅದಾರೇನು ಅಂತ ನನಗ ಗಾಬರಿ ಆಗಿತ್ತು."

"ಹೆಸರು ಕೊಟ್ರ ಗಡಿಗೆ ಒಯ್ತಾರೇನು?" ಅತ್ತೆ ಕೇಳಿದರು.

"ಇಲ್ರಿ. ಸರಕಾರದವರು ಈಗ ಬರೇ ಕೇಳಾಕತ್ತಾರ. ಮುಂದ ಬೇಕಾದ್ರ ಕರೀತಾರ."

"ಆಕಿ ಗಂಡನ್ನ ಒಂದು ಮಾತು ಕೇಳಬೇಕಲ್ಲ?"

"ಅವರ ಫಾರ್ಮು ಬ್ಯಾರೆ ಐತ್ರಿ. ಇದ್ರಾಗ ಅವರು ಸಹಿ ಮಾಡೂ ಜಾಗನ ಇಲ್ಲ."

ಅತ್ತೆ ಸೀರೆ ಎತ್ತಿ ತಮ್ಮ ಪಾದ ನೋಡಿಕೊಂಡರು. ಹಿಂದೊಮ್ಮೆ ಈಳಿಗೆ ಬಿದ್ದು ಅಲ್ಲಿ ಆಳವಾಗಿ ಕೊಯ್ದಿತ್ತು.

"ಬರೀರಿ ಅಕ್ಕಾರ. ರಕ್ತ ನೋಡಿ ನನ್ನ ಮಗ ಹೊರಗ ಓಡಿ ಹೋಗಿದ್ದ. ಈಕೀನ ಕೂತು ಕಟ್ಟಿದಾಕಿ."

ಹದಿನೆಂಟು ವರ್ಷಗಳಲ್ಲಿ ಅವರು ಆ ಮಾತು ಯಾರ ಮುಂದೆಯೂ ಆಡಿದ್ದನ್ನು ನಾನು ಕೇಳಿರಲಿಲ್ಲ. ಕೈ ಒರೆಸಿಕೊಂಡು ಸಹಿ ಮಾಡಿದೆ. ಆದರೂ ಫಾರ್ಮಿನ ಅಂಚಿಗೆ ಹಿಟ್ಟು ಹತ್ತಿತು. ಟೀಚರ್ ಅದನ್ನು ಊದಿ ಮಡಚಿಟ್ಟುಕೊಂಡರು.

ಎಷ್ಟೋ ಅರ್ಜಿಗಳಲ್ಲಿ ನನ್ನ ಹೆಸರು ಬಂದಿದೆ, ಇಂಥವರ ಹೆಂಡತಿ, ಇಂಥವರ ಸೊಸೆ ಎಂದು. ನಿನಗೆ ಒಪ್ಪಿಗೆ ಇದೆಯೇ ಎಂದು ನನ್ನನ್ನೇ ಕೇಳಿದ ಕಾಗದ ಅದೊಂದೇ. ಇಂದಿನವರೆಗೂ ಯಾರೂ ಕರೆದಿಲ್ಲ. ಕರೆಯುವಂಥ ದಿನ ಬರುವುದೇ ಬೇಡ. ಆದರೂ ಈಗ ಯಾರಿಗಾದರೂ ಪೆಟ್ಟಾಯಿತೆಂದರೆ ಹಿಂದೆ ಸರಿದು ನಿಲ್ಲುವುದಿಲ್ಲ.

ಅಂದು ಸಂಜೆ ಪಕ್ಕದ ಮನೆಯ ಗಿರಿಜಕ್ಕ ಹಾಲಿಗೆ ಹೆಪ್ಪು ಕೇಳಲು ಬಂದರು. ಸುದ್ದಿ ಆಗಲೇ ಅತ್ತೆಯ ಬಾಯಿಂದ ಓಣಿಯೆಲ್ಲ ಸುತ್ತಿ ಬಂದಿತ್ತು. ಬಟ್ಟಲು ಹಿಡಿದು ಮೆಟ್ಟಿಲಿಳಿಯುತ್ತ ಅವರು ಅಂದರು:

"ಕರದ್ರಂದ್ರ ಹಿಂದಿನ ದಿನಾನ ಹೇಳಬಿಡವಾ. ನಿಮ್ಮತ್ತಿ ಊಟ ನಮ್ಮನ್ಯಾಗ ಆಗ್ತೈತಿ."