ಗುಮ್ಮಟ ಸೋರಲಿಲ್ಲ

"ಸರ್ಕಾರ ಸಬ್ಸಿಡಿ ಕೊಟ್ಟು ಹಳ್ಳಿಗಳಿಗೆ ಗೋಬರ್ ಗ್ಯಾಸ್ ತಂದಿತು. ಅದರಿಂದ ಗಾರೆ ಕೆಲಸದವರಿಗೆ ಹೊಸ ಉದ್ಯೋಗ ಸಿಕ್ಕಿತು. ಆದರೆ ಮೇಸ್ತ್ರಿಗಳು ಸಿಮೆಂಟು ತಿಂದರು, ಗುಮ್ಮಟಗಳು ಸೋರಿದವು, ಹೆಂಗಸರು ಸೋಮಾರಿತನದಿಂದ ಸಗಣಿ ಹಾಕುವುದನ್ನೇ ಬಿಟ್ಟರು. ಯೋಜನೆ ಒಳ್ಳೆಯದೇ, ಜನ ಸರಿಯಿರಲಿಲ್ಲ."

ಈ ಮಾತನ್ನು ನಾನು ಚಿಕ್ಕಬಳ್ಳಾಪುರದ ಸಭೆಗಳಲ್ಲಿ ಕೇಳಿದ್ದೇನೆ, ಶಿಡ್ಲಘಟ್ಟದ ಹೋಟೆಲುಗಳಲ್ಲಿ ಕೇಳಿದ್ದೇನೆ, ನಮ್ಮದೇ ನೆಂಟರ ಮದುವೆಯ ಪಂಕ್ತಿಯಲ್ಲಿ ಹೋಳಿಗೆಯ ಜೊತೆಗೂ ಕೇಳಿದ್ದೇನೆ. ಹೇಳುವವರು ಬೇರೆ ಬೇರೆ, ಮಾತು ಮಾತ್ರ ಅಚ್ಚು ಹಾಕಿದ ಹಾಗೆ ಒಂದೇ. ಒಂದು ಗೋಬರ್ ಗ್ಯಾಸ್ ಗುಂಡಿಯೊಳಗಾದರೂ ಇಣುಕಿ ನೋಡಿದವರು ಇವರಲ್ಲಿ ಒಬ್ಬರೂ ಇಲ್ಲ. ನಾನು ಏಳನೆಯ ತರಗತಿಗೇ ಶಾಲೆ ಬಿಟ್ಟವನು. ಉಳಿದದ್ದನ್ನು ಶಿಡ್ಲಘಟ್ಟದ ಗ್ರಂಥಾಲಯದಲ್ಲಿ ಕೂತು ಓದಿಕೊಂಡೆ. ಆದ್ದರಿಂದ ದೊಡ್ಡವರು ಹೇಳಿದರು ಎಂಬ ಒಂದೇ ಕಾರಣಕ್ಕೆ ತಲೆಯಾಡಿಸುವ ಶಿಸ್ತು ನನಗೆ ಬರಲಿಲ್ಲ. ಸಿಮೆಂಟು ತಿಂದರೆಂದು ಇವರು ಹೇಳುವ ಆ ಮೇಸ್ತ್ರಿಗಳಲ್ಲಿ ನನ್ನ ಅಕ್ಕನ ಗಂಡನೂ ಒಬ್ಬ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಪಕ್ಷಪಾತ ಎನ್ನುವವರು ಎನ್ನಲಿ. ಕೊನೆಯಲ್ಲಿ ನಾನು ತೋರಿಸುವ ಸಾಕ್ಷಿಗೆ ನನ್ನೊಡನೆ ನೆಂಟಸ್ತಿಕೆ ಏನೂ ಇಲ್ಲ.

ನಮ್ಮೂರು ದಿಬ್ಬೂರಹಳ್ಳಿಯ ಕಡೆಗೆ. ಅಕ್ಕನನ್ನು ಊರಿನಲ್ಲೇ ಕೊಟ್ಟಿತ್ತು. ಭಾವನಿಗೆ ವರ್ಷವಿಡೀ ಕೆಲಸವಿರುತ್ತಿತ್ತು. ರೇಷ್ಮೆ ಹುಳು ಸಾಕುವವರಿಗೆ ಹುಳುಮನೆ ಕಟ್ಟುವುದು, ಶಿಡ್ಲಘಟ್ಟದಲ್ಲಿ ನೂಲು ತೆಗೆಯುವವರಿಗೆ ಗೂಡು ಬೇಯಿಸುವ ಒಲೆಗಳನ್ನೂ ನೀರಿನ ತೊಟ್ಟಿಗಳನ್ನೂ ಕಟ್ಟಿಕೊಡುವುದು. ಒಲೆ ಬಿರುಕುಬಿಟ್ಟರೆ ಸೌದೆ ದಂಡ, ತೊಟ್ಟಿ ಸೋರಿದರೆ ಅಂದಿನ ಕೆಲಸವೇ ದಂಡ. ಹಾಗಾಗಿ ಅಲ್ಲಿನವರು ಕೈ ನೋಡಿ ಮೇಸ್ತ್ರಿಯನ್ನು ಕರೆಯುತ್ತಿದ್ದರು. ಭಾವನಿಗೆ ಒಂದು ಚಟವಿತ್ತು. ಕಟ್ಟಿದ್ದು ಹುಳುಮನೆಯಾಗಲಿ ತೊಟ್ಟಿಯಾಗಲಿ, ಕೊನೆಯ ಹಸಿ ಗಾರೆಯ ಮೇಲೆ ಒಂದು ಹಿಪ್ಪುನೇರಳೆ ಎಲೆಯನ್ನು ಒತ್ತಿ, ನರಗಳೆಲ್ಲ ಮೂಡಿದ ಮೇಲೆ ಕಿತ್ತುಬಿಡುತ್ತಿದ್ದ. "ನಾನು ಸತ್ತ ಮೇಲೂ ಇದು ಬಾಡಲ್ಲ ಕಣೋ" ಎಂದು ಕೊಚ್ಚಿಕೊಳ್ಳುತ್ತಿದ್ದ. ವಿನಯ ಅವನ ಹತ್ತಿರ ಸುಳಿದದ್ದನ್ನು ನಾನು ಕಂಡಿಲ್ಲ.

ಎಂಬತ್ತರ ದಶಕದ ನಡುವಿನಲ್ಲಿ ಗೋಬರ್ ಗ್ಯಾಸ್ ಗುಂಡಿಯನ್ನೂ ಅದರ ಮೇಲೆ ಗ್ಯಾಸು ಹಿಡಿದಿಡುವ ಗುಮ್ಮಟವನ್ನೂ ಕಟ್ಟುವ ತರಬೇತಿಗೆ ಅವನನ್ನು ಚಿಕ್ಕಬಳ್ಳಾಪುರಕ್ಕೆ ಕರೆದರು. ಚಿಂತಾಮಣಿ, ಗೌರಿಬಿದನೂರು ಕಡೆಯ ಗಾರೆಯವರೂ ಬಂದಿದ್ದರಂತೆ. ಹಿಂತಿರುಗಿದಾಗ ಭಾವ ಪಂಚೆ ಬಿಟ್ಟು ಪ್ಯಾಂಟು ಹಾಕಿದ್ದ, ಹೆಗಲಿಗೆ ಒಂದು ಚೀಲವಿತ್ತು.

"ಇನ್ಮೇಲೆ ನಾನು ಸರ್ಕಾರಿ ಮೇಸ್ತ್ರಿ ಕಣಪ್ಪಾ. ನೋಡಿ ಮಾತಾಡು," ಎಂದ.

"ಸರಿ ಸಾಹೇಬ್ರೇ. ನನ್ನ ಹುಳುಮನೆ ಗೋಡೆ ಎದೆಮಟ್ಟಕ್ಕೆ ನಿಂತದೆ. ಯಾವತ್ತು ಬರ್ತೀಯ?"

"ಮಾರ್ಚ್ ಆಗ್ಲಿ ತಡಿ. ಮಾರ್ಚ್ ಒಳಗೆ ಇಷ್ಟು ಗುಂಡಿಗೆ ಗುಮ್ಮಟ ಮುಚ್ಚಬೇಕು ಅಂತ ಸೂಪರ್‌ವೈಸರ್ ತಲೆ ಮೇಲೆ ಕೂತವ್ನೆ."

ಆ ಸೂಪರ್‌ವೈಸರ್ ಕೆಟ್ಟವನಲ್ಲ. ಹೊರಜಿಲ್ಲೆಯಿಂದ ಬಂದ ತರುಣ, ಬಿಸಿಲಿನಲ್ಲಿ ಊರೂರು ಅಲೆಯುತ್ತಿದ್ದ. ಆದರೆ ಅವನ ಮೇಲಿನವರು ಅವನನ್ನು ಕೇಳುತ್ತಿದ್ದದ್ದು ಗುಂಡಿ ಎಷ್ಟಾಯಿತು ಎಂದು ಮಾತ್ರ. ಒಲೆ ಎಷ್ಟು ಉರಿಯಿತು ಎಂದು ಯಾರೂ ಕೇಳಲಿಲ್ಲ. ಗುಂಡಿ ದೊಡ್ಡದಾದಷ್ಟೂ ಸಹಾಯಧನ ದೊಡ್ಡದು. ಮೇಸ್ತ್ರಿಯ ಕೂಲಿ ಗುಮ್ಮಟ ಮುಚ್ಚಿದ ದಿನವೇ ಮುಗಿಯುವ ಲೆಕ್ಕ. ಹೀಗಿರುವಾಗ ಯಾರಿಗೆ ತಾನೆ ಸಣ್ಣ ಗುಂಡಿ ಬೇಕು?

ಮಾರ್ಚ್ ಬಂತು, ಹೋಯಿತು, ಭಾವ ಬರಲಿಲ್ಲ. ನಾನು ಹುಳುಗಳನ್ನು ಮನೆಯ ನಡುವಿನಲ್ಲೇ ತಟ್ಟೆ ಕಟ್ಟಿ ಸಾಕುತ್ತಿದ್ದೆ. ಅವು ಹಣ್ಣಾಗಿ ಗೂಡು ಕಟ್ಟುವ ಹೊತ್ತು ಹತ್ತಿರವಾಗುತ್ತಿತ್ತು. ಅಲ್ಲಿಗೆ ಜಾಲರಿ ಹಾಕಿದ ಕಿಟಕಿಯಿಲ್ಲ. ಊಜಿ ನೊಣ ನಮ್ಮ ಸೀಮೆಗೆ ಕಾಲಿಟ್ಟು ಕೆಲವೇ ವರ್ಷವಾಗಿದ್ದ ಕಾಲ. ಆ ನೊಣ ಹುಳುವಿನ ಮೈಮೇಲೆ ಮೊಟ್ಟೆಯಿಟ್ಟರೆ ಮರಿ ಒಳಗಿಂದಲೇ ಹುಳುವನ್ನು ತಿನ್ನುತ್ತದೆ. ಭಾವನನ್ನು ಎಳೆದುಕೊಂಡೇ ಬರುವೆನೆಂದು ಪಕ್ಕದೂರಿಗೆ ಹೋದೆ. ಅಲ್ಲಿ ದೊಡ್ಡಮನೆ ಯಜಮಾನರ ಹಿತ್ತಲಲ್ಲಿ ಮಾರ್ಚಿಗೆ ಮುಗಿಯದ ಅವನ ಗುಂಡಿಯೊಂದು ಇನ್ನೂ ನಡೆಯುತ್ತಿತ್ತು.

ಹಿತ್ತಲು ತುಂಬ ದನ. ಯಜಮಾನರಿಗೆ ಇದ್ದದ್ದು ಎರಡು ಹಸು ಎಂದು ನನಗೆ ಗೊತ್ತು. ಅಲ್ಲಿ ಸಾಲಾಗಿ ಕಟ್ಟಿದ್ದ ರಾಸುಗಳಲ್ಲಿ ಒಂದರ ಕೊಂಬು ಮುರಿದಿತ್ತು. ಅದು ಬೀದಿಯ ತುದಿಯ ಮನೆಯದು. ಸೂಪರ್‌ವೈಸರ್ ಸಾಲಿನ ಮುಂದೆ ನಿಂತು ಎಣಿಸುತ್ತಿದ್ದ. ಯಜಮಾನರ ಹೆಂಡತಿ, ನಾವೆಲ್ಲ ಯಜಮಾನಮ್ಮ ಎನ್ನುತ್ತಿದ್ದವರು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು.

"ಇದೇನಮ್ಮ, ನಿಮ್ಮನೇಲಿ ದನದ ಸಂತೆ?" ಎಂದೆ.

"ಅಯ್ಯೋ ದೇವುಡಾ, ಮೆಲ್ಲಗೆ ಮಾತಾಡಪ್ಪಾ. ದೊಡ್ಡ ಗುಂಡಿಗೆ ದನ ಸಾಲ್ದು ಅಂದ್ರು. ಬೀದೀಲಿರೋವನ್ನೆಲ್ಲ ಒಂದು ಗಳಿಗೆ ಹೊಡ್ಕೊಂಡು ಬಂದ್ವಿ. ನೆಂಟರ ಹಂಗೆ ಬಂದವೆ, ನೆಂಟರ ಹಂಗೆ ಹೋಗ್ತವೆ."

"ಸಗಣಿ ಇಲ್ಲೇ ಬಿಟ್ಟು ಹೋಗ್ತವಾ?"

"ಬಿಡ್ತಾರಾ ಅವ್ರು? ಆ ಮುರುಕೊಂಬಿಂದು ಆಗ್ಲೇ ಎರಡು ಸಲ ಹಾಕ್ತು, ಅವ್ರ ಸೊಸೆ ಬುಟ್ಟಿ ಹಿಡ್ಕೊಂಡು ಹಿಂದೇನೇ ನಿಂತವ್ಳೆ."

ನಿಜಕ್ಕೂ ನಿಂತಿದ್ದಳು. ನಮ್ಮ ಸೀಮೆಯಲ್ಲಿ ಸಗಣಿ ಬಿದ್ದಿರುವ ವಸ್ತುವಲ್ಲ. ಅದು ತಿಪ್ಪೆಗೆ ಹೋಗುತ್ತದೆ, ತಿಪ್ಪೆಯಿಂದ ಹಿಪ್ಪುನೇರಳೆ ತೋಟಕ್ಕೆ. ತೋಟದ ಸೊಪ್ಪು ಹುಳುವಿಗೆ, ಹುಳುವಿನ ಗೂಡು ಮಾರುಕಟ್ಟೆಗೆ. ಪಕ್ಕದ ಮನೆಗೆ ಹಸುವನ್ನು ಕಡ ಕೊಟ್ಟಾರು, ಅದರ ಸಗಣಿಯನ್ನು ಕೊಡಲಾರರು. ದನ ಎಣಿಸುತ್ತಿದ್ದ ಆ ತರುಣನಿಗೆ ಇದು ಗೊತ್ತಿರಲಿಲ್ಲ. ಗೊತ್ತಿದ್ದ ನನ್ನ ಭಾವ ಸುಮ್ಮನಿದ್ದ. ನನಗೆ ರೇಗಿತು.

"ಭಾವ, ಇದು ಎಷ್ಟು ದನದ ಗುಂಡಿ?"

"ನಾನು ಗಾರೆ ಕೆಲಸದವನು ಕಣೋ. ದನ ಕಾಯೋನಲ್ಲ."

"ಹೊಟ್ಟೆ ತುಂಬದೆ ಇದು ಉರೀತದಾ?"

"ನನ್ನ ಗುಮ್ಮಟದಾಗೆ ಸೂಜಿಮೊನೆಯಷ್ಟು ಗಾಳಿ ಹೊರಗೆ ಹೋದ್ರೆ ಕೇಳು. ತುಂಬೋದು ಅವ್ರ ಪಾಡು."

ನನ್ನ ಗೋಡೆಗೆ ಅವನು ಅಂದೂ ಬರಲಿಲ್ಲ. ಬೇರೆ ಮೇಸ್ತ್ರಿಯನ್ನು ಹುಡುಕಿದರೆ, ಕೈ ಪಳಗಿದವರೆಲ್ಲ ಗುಂಡಿಗಳಲ್ಲಿ ಇಳಿದಿದ್ದರು. ಆ ಬೆಳೆಯಲ್ಲಿ ನೊಣ ನನ್ನ ಹುಳುಗಳನ್ನು ಬಿಡಲಿಲ್ಲ. ತೂತು ಬಿದ್ದ ಗೂಡುಗಳನ್ನು ನಾನೂ ನನ್ನ ಹೆಂಡತಿಯೂ ಬಾಚಿ ಚೀಲಕ್ಕೆ ತುಂಬಿದೆವು. ಶಿಡ್ಲಘಟ್ಟದಲ್ಲಿ ಭಾವನ ಹಳೆಯ ಗಿರಾಕಿಯೊಬ್ಬರು, ಉರ್ದು ಮನೆಮಾತಿನ ನೂಲು ತೆಗೆಯುವವರು, ಬಿರುಕು ಬಿಟ್ಟ ಒಲೆಗೆ ಮಣ್ಣು ಮೆತ್ತಿಕೊಂಡು ಎರಡರಷ್ಟು ಸೌದೆ ಉರಿಸುತ್ತಿದ್ದರು. ಸೌದೆ ಉಳಿಸಲೆಂದು ಬಂದ ಯೋಜನೆಯಿಂದ ಸೌದೆ ಹೀಗೆ ಉರಿಯಿತು. ಹೊಸ ಉದ್ಯೋಗ ಎಂದು ಭಾಷಣ ಮಾಡುವವರು ಈ ಒಲೆಯನ್ನೂ ನನ್ನ ಗೋಡೆಯನ್ನೂ ಯಾವ ಬಾಬಿನಲ್ಲಿ ಸೇರಿಸುತ್ತಾರೆ? ಭಾವನ ಕೈಗೆ ಮೊದಲೂ ಕೆಲಸವಿತ್ತು. ಸರ್ಕಾರದ ಹಣ ಆ ಕೈಯನ್ನು ಒಂದು ಕಡೆಯಿಂದ ಕಿತ್ತು ಇನ್ನೊಂದು ಕಡೆಗೆ ಇಟ್ಟಿತು. ಇಟ್ಟ ಕಡೆ ಮಾತ್ರ ಎಣಿಸಿದರು, ಕಿತ್ತ ಕಡೆ ನೋಡಲಿಲ್ಲ.

ಯಜಮಾನರ ಒಲೆ ಮೊದಲು ಉರಿಯಿತು, ಏಕೆಂದರೆ ಮೊದಲ ಸಲ ತುಂಬಲು ಯಜಮಾನರು ಕೂಡಿಟ್ಟ ಸಗಣಿಯನ್ನೆಲ್ಲ ಸುರಿದಿದ್ದರು. ಅಧಿಕಾರಿಗಳು ಬಂದು ಕಾಫಿ ಕುಡಿದು ಹೋದರು. ಆಮೇಲೆ ಎರಡು ಹಸುವಿನ ಪಾಲಿಗೆ ಆ ದೊಡ್ಡ ಹೊಟ್ಟೆ ಬಿತ್ತು. ಜ್ವಾಲೆ ಕಿರಿದಾಗುತ್ತ ಬಂದು ಒಂದು ದಿನ ಆರಿತು. ಸಾಲದ್ದಕ್ಕೆ ಹೊರಬರುವ ಬಗ್ಗಡ ನೀರಾಗಿರುತ್ತಿತ್ತು. ಗೊಬ್ಬರವಾಗಿ ಅದು ಒಳ್ಳೆಯದೇ, ಆದರೆ ಬುಟ್ಟಿಯಲ್ಲಿ ಹೊತ್ತು ದೂರದ ತೋಟಕ್ಕೆ ಒಯ್ಯಲಾಗದು. ಸುತ್ತಲ ಊರುಗಳಲ್ಲೂ ಇದೇ ಕಥೆ. ಕಟ್ಟುವ ಸಡಗರ ಇಳಿದು, ನಮ್ಮ ಕಡೆಗೆ ಗುಂಡಿಗಳ ಮಂಜೂರಾತಿ ಬರುವುದು ನಿಂತಾಗ ಯಾರಾದರೊಬ್ಬರು ತಪ್ಪಿತಸ್ಥರು ಬೇಕಾಗಿತ್ತು. ಸೂಪರ್‌ವೈಸರ್‌ಗೆ ವರ್ಗವಾಗಿತ್ತು. ಕೈಗೆ ಸಿಕ್ಕವನು ಮೇಸ್ತ್ರಿ.

ಭಾವ ಪ್ಯಾಂಟು ಬಿಟ್ಟು ಪಂಚೆ ಉಟ್ಟು ಹಳೆಯ ಗಿರಾಕಿಯ ಬಳಿಗೆ ಹೋದ. ಅವರು ಹೊಸ ಷೆಡ್ಡು ಕಟ್ಟಿಸುವವರಿದ್ದರು. ಒಲೆ, ತೊಟ್ಟಿ ಎಲ್ಲ ಸೇರಿ ತಿಂಗಳುಗಟ್ಟಲೆ ಕೆಲಸ. ಜೊತೆಗೆ ನಾನೂ ಇದ್ದೆ.

"ಮೇಸ್ತ್ರಿ ಭಾಯ್, ನಿಮ್ಮ ಕೈ ನನಗೆ ಗೊತ್ತು," ಎಂದರು ಅವರು ಗಡ್ಡ ನೀವಿಕೊಳ್ಳುತ್ತ. "ಆದ್ರೆ ನಿಮ್ಮ ಗುಮ್ಮಟ ಎಲ್ಲ ಸೋರ್ತಾವೆ ಅಂತಾರಲ್ಲ. ಗ್ಯಾಸು ಸೋರಿದ್ರೆ ಸರ್ಕಾರದ್ದು. ನನ್ನ ತೊಟ್ಟಿ ಸೋರಿದ್ರೆ ನಂದು."

ಆ ರಾತ್ರಿ ಭಾವ ಊಟಕ್ಕೆ ಕೂರಲಿಲ್ಲವೆಂದು ಅಕ್ಕ ಬಂದು ಹೇಳಿದಳು. ಕೆಲಸ ಹೋಗಬಹುದು, ಬರಬಹುದು. ಸೋರುವ ಕೈ ಎಂಬ ಹೆಸರು ಒಮ್ಮೆ ಅಂಟಿದರೆ ನಮ್ಮ ಕಡೆ ಗಾರೆಯವನಿಗೆ ಉಳಿಗಾಲವಿಲ್ಲ. ನನ್ನ ಹುಳುಗಳ ಸಿಟ್ಟು ನನಗೆ ಆರಿರಲಿಲ್ಲ, ಆದರೂ ಸುಳ್ಳನ್ನು ಹಾಗೇ ಬಿಡುವುದು ನನ್ನ ಜಾಯಮಾನವಲ್ಲ. ಮರುದಿನ ಅಕ್ಕನನ್ನು ಕರೆದುಕೊಂಡು ಯಜಮಾನಮ್ಮನ ಮನೆಗೆ ಹೋದೆ.

"ಗುಮ್ಮಟ ಸೋರ್ತದೋ, ಹೊಟ್ಟೆ ಹಸಿದದೋ, ನೋಡೇಬಿಡಣ," ಎಂದೆ. "ಬೀದಿ ಸಗಣಿಯೆಲ್ಲ ಒಂದಷ್ಟು ದಿನ ಇದಕ್ಕೆ ಹಾಕಣ."

"ಹೆಂಗಸರಿಗೆ ಸೋಮಾರಿತನ ಅಂತ ಆಪೀಸಿನವ್ರು ಅಂದ್ರಂತೆ," ಎಂದರು ಯಜಮಾನಮ್ಮ. "ಎರಡು ಹಸು ಎಷ್ಟಪ್ಪ ಹಾಕ್ತವೆ? ಮಿಕ್ಕಿದ್ದನ್ನ ನಾನು ಹಾಕಕ್ಕಾಗ್ತದಾ?"

ಅಕ್ಕ ಬಿದ್ದು ಬಿದ್ದು ನಕ್ಕಳು. ಆಮೇಲೆ ಸೆರಗು ಸಿಕ್ಕಿಸಿ ಬೀದಿಗೆ ಇಳಿದಳು. ಬುಟ್ಟಿ ಸಗಣಿ ಕೊಟ್ಟವರ ತಿಪ್ಪೆಗೆ ಅಷ್ಟೇ ಬುಟ್ಟಿ ಹಳೆಗೊಬ್ಬರವನ್ನು ನಮ್ಮ ತಿಪ್ಪೆಯಿಂದ ಗಾಡಿಯಲ್ಲಿ ತಂದು ಸುರಿಯುವುದು ಎಂದು ಮಾತಾಯಿತು. ಹಾಗಲ್ಲದೆ ಯಾರೂ ಒಪ್ಪುತ್ತಿರಲಿಲ್ಲ, ಒಪ್ಪದಿದ್ದುದರಲ್ಲಿ ತಪ್ಪೂ ಇರಲಿಲ್ಲ. ಮುರುಕೊಂಬಿನ ಹಸುವಿನ ಮನೆಯ ಸೊಸೆಯಂತೂ ನಮ್ಮ ಬುಟ್ಟಿಗಳನ್ನು ತಾನೇ ಅಳೆದು ನೋಡಿದಳು. ಬೆಳಿಗ್ಗೆ ಬೆಳಿಗ್ಗೆ ಅಕ್ಕನೂ ಯಜಮಾನಮ್ಮನೂ ಮೊಳಕೈವರೆಗೆ ಸಗಣಿ ಕಲಸಿದರು. ಭಾವ ದೂರದ ಕಲ್ಲಿನ ಮೇಲೆ ಕೂತು ಬೀಡಿ ಸೇದುತ್ತ, "ನನ್ನ ಗುಮ್ಮಟಕ್ಕೆ ಪರೀಕ್ಷೆ ಬೇರೆ" ಎಂದು ಗೊಣಗುತ್ತಿದ್ದ. ಆದರೆ ಒಂದು ದಿನವೂ ಅಲ್ಲಿಂದ ಕದಲಲಿಲ್ಲ.

ಮೊದಲು ಏನೂ ಆಗಲಿಲ್ಲ. ಬೀದಿಯವರು ನಗಲು ಶುರು ಮಾಡಿದರು. ಆಮೇಲೊಂದು ಬೆಳಿಗ್ಗೆ ಯಜಮಾನಮ್ಮ ಕಡ್ಡಿ ಗೀರಿದಾಗ ಒಲೆ ಭಗ್ಗೆಂದು ಹತ್ತಿಕೊಂಡಿತು, ನೀಲಿಯಾಗಿ, ಸುತ್ತಲೂ ಸಮನಾಗಿ. ಸಂಜೆ ಕೊಳಾಯಿ ಮುಚ್ಚಿದೆವು. ಬೆಳಿಗ್ಗೆ ತಿರುಗಿಸಿದಾಗ ಅಷ್ಟೇ ಜೋರಾಗಿ ಉರಿಯಿತು. ಸೋರುವ ಗುಮ್ಮಟ ರಾತ್ರಿಯೆಲ್ಲ ಗ್ಯಾಸನ್ನು ಹಿಡಿದಿಡುವುದಿಲ್ಲ. ಶಿಡ್ಲಘಟ್ಟದವರನ್ನು ಕರೆದುತಂದೆ. ಅದೇ ಒಲೆಯ ಮೇಲೆ ಕಾಸಿದ ಚಹಾ ಕುಡಿದು, "ನಾನು ಜನದ ಮಾತು ಕೇಳಿದೆ, ಮೇಸ್ತ್ರಿ ಭಾಯ್," ಎಂದು ಭಾವನ ಕೈ ಹಿಡಿದುಕೊಂಡರು. ಆದರೆ ಷೆಡ್ಡಿನ ಕೆಲಸವನ್ನು ಆಗಲೇ ಬೇರೆಯವರಿಗೆ ಒಪ್ಪಿಸಿ, ಪಾಯವನ್ನೂ ಹಾಕಿಸಿಬಿಟ್ಟಿದ್ದರು.

ನಮ್ಮ ತಿಪ್ಪೆ ಕರಗಿತು, ಸಗಣಿ ನಿಂತಿತು, ಒಲೆ ಮತ್ತೆ ಆರಿತು. ತೊಂಬತ್ತರ ದಶಕದ ಮೊದಲಿನಲ್ಲಿ ಭಾವ ಗೌರಿಬಿದನೂರಿನ ಹತ್ತಿರದ ಕುಡುಮಲಕುಂಟೆಗೆ ಹೋಗಿ ಕಾರ್ಖಾನೆಗಳ ಕಾಂಪೌಂಡ್ ಗೋಡೆ ಕಟ್ಟುವ ಗುಂಪಿಗೆ ಸೇರಿದ. ಅಲ್ಲಿ ಎಲೆ ಒತ್ತಲು ಬಿಡುತ್ತಿರಲಿಲ್ಲವಂತೆ. ಅವನು ಬದುಕಿದ್ದಷ್ಟು ದಿನವೂ ಸೋರುವ ಕೈ ಎಂಬ ಮಾತು ಅವನ ಬೆನ್ನು ಬಿಡಲಿಲ್ಲ. ಈಗಲೂ ಮದುವೆ ಪಂಕ್ತಿಯಲ್ಲಿ ಯಾರೋ ಅಂಗಿ ಗರಿಗರಿ ಮಾಡಿಕೊಂಡು, "ಮೇಸ್ತ್ರಿಗಳು ಸಿಮೆಂಟು ತಿಂದರು" ಎನ್ನುತ್ತಾರೆ.

ನನ್ನ ಮಾತನ್ನು ನಂಬಬೇಕಾಗಿಲ್ಲ. ಯಜಮಾನರ ಮಕ್ಕಳು ಆ ಗುಂಡಿಯನ್ನು ತೊಳೆದು, ಗುಮ್ಮಟದ ನೆತ್ತಿಯನ್ನು ಕೊರೆದು, ಬಹಳ ಕಾಲದಿಂದ ನೀರಿನ ತೊಟ್ಟಿ ಮಾಡಿಕೊಂಡಿದ್ದಾರೆ. ಕೊಳವೆಬಾವಿಯಲ್ಲಿ ನೀರು ಬಂದ ಹೊತ್ತಿನಲ್ಲಿ ತುಂಬಿಸಿಟ್ಟು ತೋಟಕ್ಕೆ ಬಿಡುತ್ತಾರೆ. ನೀರು ಸೋರದೆ ನಿಂತ ಮಾತ್ರಕ್ಕೆ ಗ್ಯಾಸೂ ಸೋರದೆ ನಿಂತಿತ್ತೆನ್ನಲು ಬರುವುದಿಲ್ಲ, ಅಷ್ಟು ನನಗೂ ಗೊತ್ತು. ಗ್ಯಾಸಿನ ವಿಷಯವನ್ನು ಯಜಮಾನಮ್ಮನನ್ನೇ ಕೇಳಬಹುದು. ಬೆನ್ನು ಬಾಗಿದೆ, ನಾಲಿಗೆ ಬಾಗಿಲ್ಲ. ಸಿಮೆಂಟಿನ ವಿಷಯಕ್ಕೆ ಯಾರನ್ನೂ ಕೇಳುವುದು ಬೇಡ. ದಿಬ್ಬೂರಹಳ್ಳಿಯಲ್ಲಿ ಬಸ್ಸಿಳಿದು ದೊಡ್ಡಮನೆ ಹಿತ್ತಲು ಎಂದರೆ ದಾರಿ ತೋರಿಸುತ್ತಾರೆ. ಸಂಜೆ ತುಂಬಿದ ನೀರಿನ ಮಟ್ಟಕ್ಕೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದು, ಬೆಳಿಗ್ಗೆ ಬಂದು ನೋಡಿ. ಪಕ್ಕದಲ್ಲಿ ಸಗಣಿ ಕಲಸುತ್ತಿದ್ದ ಸಣ್ಣ ತೊಟ್ಟಿಯ ಅಂಚಿನಲ್ಲಿ, ಬೆರಳಿನಿಂದ ಪಾಚಿ ಉಜ್ಜಿದರೆ, ಹಿಪ್ಪುನೇರಳೆ ಎಲೆಯ ಗುರುತೊಂದು ನರ ಸಮೇತ ಈಗಲೂ ಇದೆ.