ಕೆಂಪು ಬಟ್ಟೆ ಕಟ್ಟಿದ ಕಡಲೆ ಹೊಲ

ವಿಶ್ವವಿದ್ಯಾಲಯ ಎಂಬ ಮಾತು ಕಿವಿಗೆ ಬಿದ್ದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಮೊಮ್ಮಕ್ಕಳು ಅಂಥಲ್ಲೇ ಓದುತ್ತಾರೆ. ಓದಲಿ, ಅದು ಅವರ ಪಾಡು. ನನ್ನ ಸಿಟ್ಟು ನನ್ನದು.

ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟ ಮರುವರ್ಷದ ಮಾತು. ನಮ್ಮದು ಸೇಡಂ ತಾಲೂಕಿನಲ್ಲಿ, ಕುರಕುಂಟಾದ ಹತ್ತಿರ ಒಂದು ಹಳ್ಳಿ. ನನ್ನ ಗಂಡ ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದು ರಜೆ ಸಿಕ್ಕಾಗ ಊರಿಗೆ ಬರುತ್ತಿದ್ದರು. ಹೊಲಮನೆಯೆಲ್ಲ ಅವರ ಅಣ್ಣನ ಕಾರುಬಾರು. ಭಾವನ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಮದುವೆಯಾಗಿ ಎಷ್ಟೋ ವರ್ಷ ಮಕ್ಕಳಾಗದೆ, ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತು ಸೋತಿದ್ದ ಅಕ್ಕ ಆ ವರ್ಷ ಬಸುರಿಯಾಗಿದ್ದಳು. ಅವಳಿಗೆ ನೀರು ಸೇದಲು ಬಿಡುತ್ತಿರಲಿಲ್ಲ, ಒರಳಿನ ಹತ್ತಿರ ಕೂರಲು ಬಿಡುತ್ತಿರಲಿಲ್ಲ. ಆ ಕೂಸು ನೆಟ್ಟಗೆ ಭೂಮಿಗೆ ಬಂದರೆ ಸಾಕು ಎಂಬುದೊಂದೇ ಮನೆಯವರೆಲ್ಲರ ಧ್ಯಾನ.

ಆಗ ಬಂತು ಕೃಷಿ ವಿಶ್ವವಿದ್ಯಾಲಯದ ಜೀಪು. ಅದರಲ್ಲಿ ಮೂವರು. ಒಬ್ಬ ತೊಗರಿ, ಕಡಲೆ ತಿನ್ನುವ ಕಾಯಿಕೊರಕ ಹುಳದ ಮೇಲೆ ಸಂಶೋಧನೆ ಮಾಡುವವ. ಅವನಿಗೆ ಊರಲ್ಲಿ ಹುಳದ ಸಾಹೇಬ ಎಂದೇ ಹೆಸರಾಯಿತು. ಇನ್ನೊಬ್ಬ ಖರ್ಚೆಷ್ಟು ಲಾಭವೆಷ್ಟು ಎಂದು ಗಂಡಸರನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಕೇಳುವ ಹಣಕಾಸಿನವ. ಮೂರನೆಯವಳು ಗೃಹವಿಜ್ಞಾನದ ಹುಡುಗಿ, ಮೈಸೂರು ಕಡೆಯವಳು. ನಮಗೆ ಅಡುಗೆ ಮಾಡುವುದು ಹೇಗೆ ಎಂದು ಹೇಳಿಕೊಡಲು ಬಂದಿದ್ದಳು. ಅವಳಿಗೆ ಸ್ವತಃ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ, ಆ ಮಾತು ಬೇರೆ.

ಭಾವ ಉಬ್ಬಿ ಹೋಗಿದ್ದ. ಊರಲ್ಲಿ ಅಷ್ಟು ಹೊಲಗಳಿರುವಾಗ ಜೀಪು ನಿಂತದ್ದು ನಮ್ಮ ಹೊಲದ ಬದುವಿನಲ್ಲಿ. ಪುಕ್ಕಟೆ ಬೀಜ, ಪುಕ್ಕಟೆ ಎಣ್ಣೆ. ಹುಳಕ್ಕೆ ಹೊಡೆಯುವ ಔಷಧಕ್ಕೆ ನಮ್ಮ ಕಡೆ ಎಣ್ಣೆ ಎನ್ನುವುದೇ ವಾಡಿಕೆ. ಪ್ರಗತಿಪರ ರೈತ ಎಂದು ಯಾರೋ ಒಮ್ಮೆ ಕರೆದದ್ದೇ ತಡ, ಅವನು ಮನೆಯಲ್ಲಿ ನಮ್ಮ ಜೊತೆ ಮಾತಾಡುವ ಧಾಟಿಯೇ ಬದಲಾಯಿತು. ಹೊಲದಲ್ಲಿ ಏನು ನಡೆದಿದೆ ಎಂದು ಕೇಳಿದರೆ ನಿಮಗ್ಯಾಕೆ ಎನ್ನುತ್ತಿದ್ದ. ಕಳೆ ತೆಗೆಯುವವರು ನಾವು, ಕಾಯಿ ಬಿಡಿಸುವವರು ನಾವು.

ಎಳ್ಳಮಾವಾಸ್ಯೆ ಹತ್ತಿರ ಬಂತು. ಅವತ್ತು ನಮ್ಮ ಕಡೆ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಐದು ಕಲ್ಲು ಇಟ್ಟು, ಸುಣ್ಣ ಹಚ್ಚಿ ಪಾಂಡವರೆಂದು ಪೂಜೆ ಮಾಡಿ, ಎಡೆಯ ಅನ್ನವನ್ನು ಪೈರಿಗೆ ಎರಚಿ ಚರಗ ಚೆಲ್ಲಿ, ಅಲ್ಲೇ ಕೂತು ಉಣ್ಣಬೇಕು. ಸಜ್ಜೆ ರೊಟ್ಟಿಗೆ ಭಜ್ಜಿ ಇಲ್ಲದಿದ್ದರೆ ಅದು ಹಬ್ಬವೇ ಅಲ್ಲ. ಕಡಲೆ ಸೊಪ್ಪು, ಹಸಿ ತೊಗರಿಕಾಳು, ಅವರೆ, ಹೊಲದಲ್ಲಿ ಸಿಕ್ಕಿದ್ದೆಲ್ಲ ಹಾಕಿ ಕುದಿಸಿದ ಪಲ್ಯ ಅದು. ಸೊಪ್ಪು ಸ್ವಂತ ಹೊಲದ್ದೇ ಆಗಬೇಕು, ಹಿಂದಿನ ದಿನ ಹೆಂಗಸರೇ ಕಿತ್ತು ತರಬೇಕು.

ಆ ಹಿಂದಿನ ದಿನವೇ ಗೃಹವಿಜ್ಞಾನದ ಹುಡುಗಿ ಪಡಸಾಲೆಯಲ್ಲಿ ಕೂತು, ಬಸುರಿಯರು ಹಸಿ ಸೊಪ್ಪು ಚೆನ್ನಾಗಿ ತಿನ್ನಬೇಕು, ರಕ್ತ ಹೆಚ್ಚುತ್ತದೆ ಎಂದು ಅಕ್ಕನಿಗೆ ಬುದ್ಧಿ ಹೇಳಿ ಹೋದಳು. ಅವಳ ಜೊತೆಗೆ ಜೀಪಿನಲ್ಲಿ ಬರುವ ಮನುಷ್ಯ ಆ ಸೊಪ್ಪಿನ ಮೇಲೆ ಏನು ಸುರಿದಿದ್ದಾನೆ ಎಂಬುದು ಅವಳಿಗೂ ಗೊತ್ತಿರಲಿಲ್ಲವಂತೆ. ಆಮೇಲೆ ಹೇಳಿ ಅತ್ತಳು. ಅವಳ ಅಳು ಕಟ್ಟಿಕೊಂಡು ನನಗೇನು?

ಅವಳು ಹೋದ ಮೇಲೆ ನಾನೂ ಅಕ್ಕನೂ ಹೊಲಕ್ಕೆ ಹೋದೆವು. ಕಡಲೆ ಹೊಲದ ಒಂದು ತುಂಡಿನಲ್ಲಿ ನಾಲ್ಕೂ ಮೂಲೆಗೆ ಗೂಟ ನೆಟ್ಟು ಕೆಂಪು ಬಟ್ಟೆ ಕಟ್ಟಿತ್ತು. ಅಕ್ಕನ ಮುಖ ಅರಳಿತು. ಗಂಡ ಈ ಸಲ ತಾನೇ ಪಾಂಡವರಿಗೆ ಜಾಗ ಮಾಡಿ ಇಟ್ಟಿದ್ದಾನೆ, ಹೊಟ್ಟೆಯಲ್ಲಿರುವ ಕೂಸಿನ ಸಲುವಾಗಿ ಇರಬೇಕು ಎಂದುಕೊಂಡಳು. ನನಗೂ ಹಾಗೇ ಕಂಡಿತು. ಬೇರೆ ಕಡೆ ಬೇಕಾದಷ್ಟು ಸೊಪ್ಪಿತ್ತು. ದೇವರ ಜಾಗದ್ದೇ ಇರಲಿ ಎಂದು ಅದರೊಳಗೇ ಹೊಕ್ಕು ಕಿತ್ತೆವು. ಸೀಮೆಎಣ್ಣೆಯಂಥ ವಾಸನೆ ಇತ್ತು, ಜೀಪು ನಿಂತು ಹೋದದ್ದಕ್ಕೆ ಎಂದುಕೊಂಡೆವು. ಕಡಲೆಯ ಕುಡಿ ಹುಳಿಹುಳಿಯಾಗಿರುತ್ತದೆ, ಬಸುರಿ ಬಾಯಿಗೆ ಕೇಳಬೇಕೆ? ಅಕ್ಕ ಕೀಳುತ್ತಾ ಕೀಳುತ್ತಾ ತಿಂದಳು.

"ಬಾಯಿಗಿ ಭಾಳ ಛಲೋ ಹತ್ತಲಿಕತ್ತದ ನೋಡು," ಎಂದಳು.

ಮನೆ ಮುಟ್ಟುವ ಹೊತ್ತಿಗೆ ವಾಂತಿ ಶುರುವಾಯಿತು. ಬಾಯಲ್ಲಿ ಜೊಲ್ಲು, ಕೈಕಾಲು ಅದುರುವುದು. ಜೀಪು ಚಿಂಚೋಳಿ ಕಡೆ ಹೋಗಿತ್ತು. ಬಂಡಿ ಕಟ್ಟಿ ಸೇಡಂ ಆಸ್ಪತ್ರೆಗೆ ಒಯ್ದೆವು. ಬಂಡಿಯಲ್ಲಿ ನಾನು ಸೊಪ್ಪಿನ ಮಾತು ಎತ್ತಿದಾಗ ಭಾವನ ಮುಖ ಬಿಳಿಚಿತು. ಆಗ ಬಾಯಿಬಿಟ್ಟ. ಮುಂಜಾನೆಯೇ ಎಣ್ಣೆ ಹೊಡೆದಿದ್ದರಂತೆ, ಹದಿನೈದು ದಿನ ಯಾರೂ ಆ ತುಂಡಿಗೆ ಕೈ ಹಚ್ಚಬಾರದೆಂದು ಸಾಹೇಬ ಅವನಿಗೆ ಹೇಳಿದ್ದನಂತೆ.

"ಮತ್ತ ನಮಗ್ಯಾಕ ಹೇಳಲಿಲ್ರಿ?" ಎಂದೆ. ಭಾವನಿಗೆ ಎದುರು ನಿಂತು ನಾನು ಆಡಿದ ಮೊದಲ ಮಾತು ಅದು.

"ಹೆಣ್ಮಕ್ಕಳಿಗಿ ಹೊಲದ ಮಾತ್ ಏನ್ ಹೇಳೋದದ," ಎಂದ.

ಅಕ್ಕ ಉಳಿದಳು. ಕೂಸು ಉಳಿಯಲಿಲ್ಲ. ಗಂಡುಕೂಸು. ಆಮೇಲೆ ಅವಳಿಗೆ ಮಕ್ಕಳಾಗಲೂ ಇಲ್ಲ.

ಅಕ್ಕ ಇನ್ನೂ ಹಾಸಿಗೆಯಲ್ಲಿದ್ದಾಗ ಹುಳದ ಸಾಹೇಬ ಬಂದ. ಅವಳು ಹೇಗಿದ್ದಾಳೆ ಎಂದು ಬಾಗಿಲಲ್ಲೇ ಒಂದು ಮಾತು ಕೇಳಿ, ನೇರ ವಿಷಯಕ್ಕೆ ಬಂದ. ಕುಡಿ ಕಿತ್ತದ್ದರಿಂದ ಆ ತುಂಡಿನ ಪ್ರಯೋಗ ಕೆಟ್ಟಿತಂತೆ. ಕೆಂಪು ಎಂದರೆ ಅಪಾಯ ಎಂದು ಸಣ್ಣ ಮಕ್ಕಳಿಗೂ ಗೊತ್ತಿರುತ್ತದಲ್ಲ ಎಂದ.

"ನಮ್ಮಲ್ಲಿ ಕೆಂಪು ಅರಿವಿ ದೇವರಿಗಿ ಉಡಸ್ತಾರ್ರಿ," ಎಂದೆ. ಅವನಿಗೆ ಅದು ತಲೆಗೆ ಹೋಗಲಿಲ್ಲ. ಹಣಕಾಸಿನವ ಅಂಗಳದಲ್ಲೇ ನಿಂತು, ಎಣ್ಣೆ ಹೊಡೆದರೆ ರೈತನಿಗೆ ಲಾಭವೇ ಎಂದು ಭಾವನಿಗೆ ಸಮಾಧಾನ ಹೇಳುತ್ತಿದ್ದ. ಯಾವ ಬಾಯಿಂದ ಹೇಳಿದನೋ.

ಇಷ್ಟಾದ ಮೇಲೂ ಭಾವ ಅವರನ್ನು ಬಿಡಲಿಲ್ಲ. ನಾವು ಬಿಟ್ಟರೂ ಹುಳ ಬಿಡುತ್ತದೇನು ಎನ್ನುತ್ತಿದ್ದ. ಮರುವರ್ಷವೂ ನಮ್ಮ ಹೊಲದಲ್ಲೇ ಪ್ರಯೋಗ, ಮರುವರ್ಷದ ಎಳ್ಳಮಾವಾಸ್ಯೆಗೆ ಹುಳದ ಸಾಹೇಬನಿಗೇ ಊಟದ ಆಮಂತ್ರಣ. ಅಕ್ಕ ಒಲೆ ಹಚ್ಚಿದಳು. ರೊಟ್ಟಿ ಬಡಿದಳು, ಬುತ್ತಿ ಹೊತ್ತಳು. ಹೊಲದಲ್ಲಿ ಸಾಹೇಬನನ್ನು ಕಂಬಳಿ ಹಾಸಿ ಕೂರಿಸಿದರು. ನಾನು ಭಜ್ಜಿ ಬಡಿಸಿದೆ. ಅವನು ರೊಟ್ಟಿ ಮುರಿದು ಅದ್ದಲು ಹೋದವನು ಕೈ ಹಿಂದೆ ತೆಗೆದ.

"ಈ ಸೊಪ್ಪು ಯಾವ ಹೊಲದ್ದಮ್ಮ?" ಎಂದು ಕೇಳಿದ.

ಹಿಂದಿನ ವರ್ಷ, ಆ ತುಂಡಿನ ಸೊಪ್ಪು ಕೀಳಬೇಡಿ ಎಂಬ ಒಂದು ಮಾತು ನಮ್ಮ ಹೊಸ್ತಿಲಿಗೆ ಬಂದು ಹೇಳಲು ಅವನ ನಾಲಗೆಗೆ ಆಗಿರಲಿಲ್ಲ.

ಉತ್ತರ ಕೊಟ್ಟವಳು ಅಕ್ಕ. ದನಿ ಎತ್ತಲಿಲ್ಲ, ಸೆರಗೂ ಸರಿಸಲಿಲ್ಲ.

"ಉಣ್ರಿ ಸಾಹೇಬ್ರ. ನಮಗ್ಯಾರೂ ಏನೂ ಹೇಳಿಲ್ಲ."

ಸಾಹೇಬ ಒಣ ರೊಟ್ಟಿಗೆ ಮೊಸರು ಹಚ್ಚಿಕೊಂಡು ಉಂಡ. ಭಾವ ತಲೆ ಎತ್ತಲಿಲ್ಲ, ಭಜ್ಜಿಯನ್ನೂ ಮುಟ್ಟಲಿಲ್ಲ. ಆ ಸೊಪ್ಪು ಎಣ್ಣೆ ಹೊಡೆಯದ್ದು, ಕಾಳಗಿಯಿಂದ ನನ್ನ ತವರಿನವರು ಕಳಿಸಿದ್ದು. ಅದನ್ನು ಅವರಿಬ್ಬರಿಗೆ ನಾನೂ ಹೇಳಲಿಲ್ಲ, ಅಕ್ಕನೂ ಹೇಳಲಿಲ್ಲ.