ಎಂಬತ್ತು ಸಾವಿರ ಜನರ ಅಕ್ಕ

ಇದು ಮೂರು ವರ್ಷದ ಹಿಂದಿನ ಮಾತು. ಶಿವಮೊಗ್ಗದ ಆಲ್ಕೊಳ ಸರ್ಕಲ್ ಹತ್ತಿರ ಒಂದು ಬೇಕರಿಯ ಮಹಡಿಯ ಮೇಲೆ ನಾನು ಡಿಜಿಟಲ್ ಮಾರ್ಕೆಟಿಂಗ್ ಆಫೀಸು ತೆರೆದು ಆಗ ಎರಡು ವರ್ಷವಾಗಿತ್ತು. ಅದಕ್ಕೂ ಮೊದಲು ಇಪ್ಪತ್ತು ವರ್ಷ ಒಂದು ಪತ್ರಿಕೆಯ ಜಾಹೀರಾತು ವಿಭಾಗದಲ್ಲಿದ್ದು ಅಂಗಡಿಯಿಂದ ಅಂಗಡಿಗೆ ಅಲೆದವನು ನಾನು. ಗಿರಾಕಿಯ ಮುಖ ನೋಡಿದರೆ ಸಾಕು, ಕೊಳ್ಳುತ್ತಾನೋ ಇಲ್ಲವೋ ಹೇಳಬಲ್ಲೆ ಎಂಬ ಜಂಭ ಇತ್ತು. ಆ ಜಂಭ ಇಳಿದ ಕೇಸು ಇದು.

ನನ್ನ ಕೆಲಸವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಆನ್‌ಲೈನ್‌ನಲ್ಲಿ ಒಬ್ಬರ ವಿಡಿಯೊಗೆ ಜನ ಲೈಕ್ ಒತ್ತುವುದು, ಕಾಮೆಂಟ್ ಬರೆಯುವುದು, ಇನ್ನೊಬ್ಬರಿಗೆ ಕಳಿಸುವುದು, ಇದಕ್ಕೆಲ್ಲ ಸೇರಿ ಎಂಗೇಜ್‌ಮೆಂಟ್ ಎಂದು ಹೆಸರು. ಹಾಗೆ ನೋಡುವವರಲ್ಲಿ ಕೆಲವರು ಹಣ ಕೊಟ್ಟು ಕೊಂಡರೆ ಅದು ಕನ್ವರ್ಷನ್. ಮೊದಲನೆಯವರು ಸೀರೆ ಅಂಗಡಿಯ ಗಾಜಿನ ಮುಂದೆ ನಿಂತವರು, ಎರಡನೆಯವರು ಒಳಗೆ ಬಂದು ಬಿಲ್ ಹಾಕಿಸಿದವರು. ನಿಂತವರನ್ನು ಒಳಗೆ ಕರೆತರುವುದೇ ನನ್ನ ಕಸುಬು.

ಸುಮಿತ್ರಾ ನನ್ನ ಆಫೀಸಿಗೆ ಬಂದದ್ದು ಒಂದು ಭಾನುವಾರ. ಭದ್ರಾವತಿಯ ನ್ಯೂ ಟೌನಿನಲ್ಲಿ ಮನೆ. ಮಾಚೇನಹಳ್ಳಿಯ ಒಂದು ಗಾರ್ಮೆಂಟ್ಸಿನಲ್ಲಿ ಹನ್ನೊಂದು ವರ್ಷದಿಂದ ಕೆಲಸ. ರವಿಕೆ ಕತ್ತರಿಸುವುದನ್ನು ತೋರಿಸುವ ವಿಡಿಯೊಗಳನ್ನು ತಾವೇ ಮಾಡಿ ಹಾಕುತ್ತಿದ್ದರು, ನೋಡುವವರು ನಾನೂರು ಮಂದಿಯೂ ಇರಲಿಲ್ಲ. ಏನು ಬೇಕು ನಿಮಗೆ ಎಂದು ಕೇಳಿದೆ.

"ಹನ್ನೊಂದು ವರ್ಷದಿಂದ ಬರೀ ಕಾಲರ್ ಹಚ್ತಿದೀನಿ ಸರ್. ಒಬ್ಬಳು ತೋಳು, ಒಬ್ಬಳು ಜೇಬು, ನಾನು ಕಾಲರ್. ನಂಗೊಂದು ಇಡೀ ಬಟ್ಟೆ ಬೇಕು. ನನ್ನದೇ ಕ್ಲಾಸ್ ಮಾಡ್ಬೇಕು."

ಆ ಮಾತು ನನಗೆ ಬಹಳ ಹಿಡಿಸಿತು. ವಿಡಿಯೊಗಳನ್ನು ನೋಡಿದೆ. ಕೈ ಚಿನ್ನದಂಥದ್ದು, ಮಾತು ಮಾತ್ರ ಶಾಲೆಯ ವರದಿ ಓದಿದ ಹಾಗೆ. ಅಲ್ಲಿ ನಾನು ನನ್ನ ಬುದ್ಧಿವಂತಿಕೆ ತೋರಿಸಿದೆ. "ಮೇಷ್ಟ್ರ ಥರ ಮಾತಾಡ್ಬೇಡಿ. ಮನೆಯವರ ಹಾಗೆ ಮಾತಾಡಿ. ಕೊನೇಲಿ ಪ್ರತಿ ಸಲ ಹೇಳಿ, ಹೆದರ್ಕೋಬೇಡಿ, ಅಳತೆ ಕಳ್ಸಿ, ನಿಮ್ಮಕ್ಕ ನಾನಿದೀನಿ ಅಂತ." ಅವರು ನಾಚಿಕೊಂಡರು. ನಾನು ಬಿಡಲಿಲ್ಲ, ಆಫೀಸಿನಲ್ಲೇ ನಾಲ್ಕು ಸಲ ಹೇಳಿಸಿದೆ.

ಏಳು ತಿಂಗಳಲ್ಲಿ, ನಾನೂರು ಇದ್ದದ್ದು ಎಂಬತ್ತು ಸಾವಿರವಾಯಿತು. ಭುಜ ಜಾರುವ ರವಿಕೆ, ಬೆನ್ನು ಎತ್ತುವ ರವಿಕೆ, ಹೆರಿಗೆಯಾದ ಮೇಲೆ ಬಿಗಿಯಾದ ರವಿಕೆ, ಎಲ್ಲದಕ್ಕೂ ಅಕ್ಕನ ಹತ್ತಿರ ಮದ್ದಿತ್ತು. ಕಾಮೆಂಟುಗಳಲ್ಲಿ ಅಕ್ಕ, ಅಕ್ಕ, ಅಕ್ಕ. ನಾನು ಮೀಸೆ ತಿರುವಿದೆ. ಆಫೀಸಿಗೆ ಬಂದವರಿಗೆಲ್ಲ ಮೊದಲು ಆ ಪೇಜನ್ನೇ ತೋರಿಸುತ್ತಿದ್ದೆ.

ಇನ್ನು ಕ್ಲಾಸ್ ಶುರು ಮಾಡಬಹುದು ಎಂದೆ. ಅವರು ಫ್ಯಾಕ್ಟರಿಯ ಮ್ಯಾನೇಜರನ್ನು ಕೇಳಿ ಸಂಬಳವಿಲ್ಲದ ರಜೆ ಪಡೆದರು. ಎರಡು ತಿಂಗಳು ಜಾಗ ಇಟ್ಟುಕೊಂಡಿರುತ್ತೇನೆ, ಅಷ್ಟರಲ್ಲಿ ಬರದಿದ್ದರೆ ಬೇರೆಯವರು ಬರುತ್ತಾರೆ ಎಂದು ಆತ ಸ್ಪಷ್ಟವಾಗಿ ಹೇಳಿದ್ದ. ಎಂಬತ್ತು ಸಾವಿರದಲ್ಲಿ ಮೂವತ್ತು ಜನ ಸೇರಿದರೆ ಸಾಕು, ನಿಮ್ಮ ಸಂಬಳಕ್ಕಿಂತ ಹೆಚ್ಚಾಗುತ್ತದೆ ಎಂದು ಲೆಕ್ಕ ಹಾಕಿಕೊಟ್ಟವನು ನಾನೇ.

ಕ್ಲಾಸಿನ ಫೀಸು ಬರೆದ ಪೋಸ್ಟರ್ ಹಾಕಿದೆವು. ಲೈಕ್ ಬಂದವು, ಹೂವಿನ ಚಿತ್ರ ಬಂದವು, "ಒಳ್ಳೇದಾಗ್ಲಿ ಅಕ್ಕ" ಬಂತು. ಸೇರಿದವರು ಇಬ್ಬರು. ಇನ್ನೊಂದು ಪೋಸ್ಟರ್, ರಿಯಾಯಿತಿ, ಕೊನೆಯ ದಿನಾಂಕ, ನಮ್ಮ ಕಸುಬಿನ ಮಂತ್ರಗಳನ್ನೆಲ್ಲ ಹೇಳಿ ಮುಗಿಸಿದೆ. ಮೂರನೆಯವರು ಬರಲೇ ಇಲ್ಲ. ಐದು ವಾರ ಕಳೆದುಹೋಯಿತು.

ನನಗೆ ಸಿಟ್ಟು ಬಂದು ಒಂದು ಮಧ್ಯಾಹ್ನ ಭದ್ರಾವತಿಗೆ ಹೊರಟೆ. ತಪ್ಪು ಅವರದೇ ಇರಬೇಕೆಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ. ಹೋಗಿ ನೋಡಿದರೆ ನ್ಯೂ ಟೌನಿನ ಆ ಸಣ್ಣ ಮನೆಯ ನಡುಮನೆಯಲ್ಲಿ ಐದು ಜನ ಹೆಂಗಸರು ಚಾಪೆಯ ಮೇಲೆ ಕೂತಿದ್ದಾರೆ. ಅವರಲ್ಲೊಬ್ಬರು, ಪ್ರೇಮಾ ಎನ್ನುವವರು, ನನ್ನ ಆಲ್ಕೊಳದಿಂದಲೇ ಎರಡು ಬಸ್ಸು ಹತ್ತಿ ಬಂದಿದ್ದರು. ಸುಮಿತ್ರಾ ಮೊಣಕಾಲೂರಿ ಕತ್ತರಿ ಹಿಡಿದು ತೋರಿಸುತ್ತಿದ್ದಾರೆ. ಪಕ್ಕದಲ್ಲಿ ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿದೆ. ಅತ್ತೆ ಗೌರಮ್ಮ ಎಲ್ಲರಿಗೂ ಕಾಫಿ ಕೊಡುತ್ತಿದ್ದಾರೆ.

"ಇವರು ಫೀಸ್ ಕಟ್ಟಿದಾರಾ?" ಎಂದು ಸುಮಿತ್ರಾರನ್ನು ಅಡುಗೆಮನೆಗೆ ಕರೆದು ಕೇಳಿದೆ. ಅವರು ಅಲ್ಲೇ ಇದ್ದ ಬೀರು ತೆರೆದರು. ಮೂರು ಖಾನೆ ತುಂಬ ರವಿಕೆ ಕಣ. ಹಸಿರು, ಕೆಂಪು, ಅರಿಶಿನ ಬಣ್ಣ, ಮಡಿಕೆ ಬಿಚ್ಚದವು. ಬಂದವರೊಬ್ಬರೂ ಬರಿಗೈಲಿ ಬಂದಿರಲಿಲ್ಲ. ಅಕ್ಕನ ಮನೆಗೆ ಹೋಗುವಾಗ ಹೇಗೆ ಹೋಗಬೇಕೋ ಹಾಗೇ ತೆಂಗಿನಕಾಯಿ, ಬಾಳೆಹಣ್ಣು, ಒಂದು ಕಣ ಹಿಡಿದು ಬಂದಿದ್ದರು. ಹೋಗುವಾಗ ಗೌರಮ್ಮ ಕುಂಕುಮ ಕೊಟ್ಟು, ಹಿಂದೆ ಬಂದವರು ಕೊಟ್ಟ ಕಣವನ್ನೇ ಮೊದಲ ಸಲ ಬಂದವರಿಗೆ ಕೊಟ್ಟು ಕಳಿಸುತ್ತಿದ್ದರು. ಯಾರೂ ಮೋಸ ಮಾಡಿರಲಿಲ್ಲ. ಕೊಡುವುದನ್ನು ಕೊಟ್ಟೇ ಕಲಿತುಕೊಂಡು ಹೋಗಿದ್ದರು.

"ಬೆಳಿಗ್ಗೆ ಎದ್ರೆ ಫೋನು ಸರ್. ಹಾಲು ತರೋಕೆ ಹೋದ್ರೆ ಅಲ್ಲೊಬ್ಬರು ಅಳತೆ ಹೇಳ್ತಾರೆ. ಉತ್ತರ ಕೊಡ್ದಿದ್ರೆ, ಅಕ್ಕಂಗೆ ನನ್ ಮೇಲೆ ಬೇಜಾರಾ ಅಂತ ಅಳ್ತಾರೆ. ಎಲ್ಲಿಗಂತ ಹೋಗ್ಲಿ ನಾನು?"

ನಾನು ಗದರಿದೆ, ಈಗ ನೆನೆದರೆ ನಾಚಿಕೆಯಾಗುತ್ತದೆ. ಬಾಯಿಬಿಟ್ಟು ಕೇಳಿದರೆ ಆಗುತ್ತಿತ್ತು, ನಿಮಗೆ ಕೇಳಲು ಬರುವುದಿಲ್ಲ ಎಂದೆ. ಹೊರಗಿನಿಂದ ಗೌರಮ್ಮ ಬಂದರು. "ನೀವೇ ಹೇಳಿ ಮಾರಾಯ್ರೇ, ಅಕ್ಕ ಅಂತ ಬಾಗಿಲಿಗೆ ಬಂದೋರ ಹತ್ರ ದುಡ್ಡು ಇಡು ಅನ್ನೋಕಾಗುತ್ತಾ? ನಿಮ್ಮನೇಲಿ ಮಾಡ್ತೀರಾ?" ಆದರೂ ಸೋಲೊಪ್ಪಲು ಮನಸ್ಸಾಗಲಿಲ್ಲ.

ಕೊನೆಯ ಪ್ರಯತ್ನವಾಗಿ ಮುಂದಿನ ಭಾನುವಾರ ಲೈವ್ ಇಟ್ಟುಕೊಂಡೆವು. ಲೈವ್ ಎಂದರೆ ನೇರ ಪ್ರಸಾರ, ಹೇಳಿದ ಮಾತನ್ನು ಅಳಿಸಿ ಮತ್ತೆ ಹೇಳುವ ಹಾಗಿಲ್ಲ. ರಜೆ ಮುಗಿಯಲು ಎಂಟು ದಿನ ಉಳಿದಿತ್ತು. ನಾನು ಮೂರೇ ಸಾಲು ಬರೆದುಕೊಟ್ಟಿದ್ದೆ: ಇಷ್ಟು ದಿನ ಪುಕ್ಕಟೆ ಹೇಳಿಕೊಟ್ಟೆ, ಇದು ನನ್ನ ಜೀವನ, ಇನ್ನು ಮುಂದೆ ಕ್ಲಾಸಿಗೆ ಫೀಸು. ಫೋನಿನ ಹಿಂದೆ ನಾನೇ ನಿಂತೆ. ಆರುನೂರು ಜನ ನೋಡುತ್ತಿದ್ದರು.

ಸುಮಿತ್ರಾ ಹೇಳಿದರು. ಒಂದನ್ನೂ ಬಿಡದೆ ಮೂರು ಸಾಲನ್ನೂ ಹೇಳಿದರು. ಧಾರಾಕಾರವಾಗಿ ಬರುತ್ತಿದ್ದ ಕಾಮೆಂಟು ನಿಂತೇ ಹೋಯಿತು. ನಾನು ಮನಸ್ಸಿನಲ್ಲೇ ಎಣಿಸಿದೆ, ಒಂದು, ಎರಡು, ಮೂರು. ಆಮೇಲೆ ಒಂದು ಬಂತು, ಪ್ರೇಮಾರದು: "ಅಕ್ಕ, ನಂಗೂನಾ?"

ಸುಮಿತ್ರಾರ ಮುಖ ನಾನು ನೋಡುತ್ತಿದ್ದೆ. ನನ್ನ ಕಡೆ ಒಮ್ಮೆ ನೋಡಿದರು. ಬೇಡ, ಬೇಡ ಎಂದು ಕೈ ಆಡಿಸಿದೆ. ಅವರು ನಕ್ಕುಬಿಟ್ಟರು. "ಅಯ್ಯೋ, ತಮಾಷೆ ಮಾಡ್ದೆ ಕಣ್ರೇ. ನಿಮ್ ಹತ್ರ ದುಡ್ಡು ಇಸ್ಕೊಳ್ತೀನಾ? ಪೆನ್ನು ತಗೊಳ್ಳಿ, ಬರ್ಕೊಳ್ಳಿ" ಎಂದವರೇ, ಹಣ ಕೊಟ್ಟವರಿಗೆಂದು ತಯಾರು ಮಾಡಿದ್ದ ಇಡೀ ಪಾಠವನ್ನು ಒಂದೂವರೆ ಗಂಟೆ ನಗುನಗುತ್ತ ಹೇಳಿಕೊಟ್ಟರು. ಅಷ್ಟು ಚೆನ್ನಾಗಿ ಅವರು ಯಾವತ್ತೂ ಹೇಳಿಕೊಟ್ಟಿರಲಿಲ್ಲ. ಮುಗಿದ ಮೇಲೆ ಮೊದಲೇ ಸೇರಿದ್ದ ಇಬ್ಬರಿಗೂ ಫೀಸು ವಾಪಸ್ ಕಳಿಸಿ, ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ಚಪ್ಪಲಿ ಮೆಟ್ಟಿ ಹೊರಟುಬಂದೆ.

ರಜೆ ಇನ್ನೂ ಉಳಿದಿದ್ದರೂ ಮರುದಿನ ಸೋಮವಾರವೇ ಅವರು ಫ್ಯಾಕ್ಟರಿಗೆ ಮರಳಿದರು, ಅದೇ ಕಾಲರ್ ಲೈನಿಗೆ.

ತಿಂಗಳಾದ ಮೇಲೆ ಬೇರೆ ಕೆಲಸಕ್ಕೆ ಮಾಚೇನಹಳ್ಳಿಗೆ ಹೋದವನು ಶಿಫ್ಟ್ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ನಿಂತೆ. ಕ್ಷಮೆ ಕೇಳಬೇಕೆಂದಿತ್ತು. ಅವರೇ ನಗುತ್ತ ಬಂದು ಮಾತಾಡಿಸಿದರು. "ಒಳಗೆ ಫೋನ್ ಬಿಡಲ್ಲ ಸರ್, ಗೇಟಲ್ಲೇ ಇಸ್ಕೊಳ್ತಾರೆ. ಎಂಟು ಗಂಟೆ ಹಾಯಾಗಿರ್ತೀನಿ" ಎಂದರು. ಹನ್ನೊಂದು ವರ್ಷ ದುಡಿದು, ಬಿಟ್ಟು ಓಡಬೇಕೆಂದಿದ್ದ ಜಾಗದ ಬಗ್ಗೆ ಈ ಮಾತು.

"ನಿಮಗೆ ಗಿರಾಕಿಗಳು ಬಂದ್ರಾ ಸರ್?" ಎಂದು ಕೇಳಿದರು.

"ಬಂದ್ರು."

"ನನ್ ಪೇಜ್ ನೋಡಿನಾ?"

ಸುಳ್ಳು ಹೇಳಲಾಗಲಿಲ್ಲ. ಆ ವರ್ಷ ನನಗೆ ಹೊಸದಾಗಿ ಒಂಬತ್ತು ಮಂದಿ ಸಿಕ್ಕಿದ್ದರು, ಎಲ್ಲರೂ ಹಣ ಕೊಟ್ಟವರು, ಎಲ್ಲರೂ ಬಂದು ಕೇಳಿದ್ದು ಒಂದೇ: ಆ ಅಕ್ಕನಿಗೆ ಮಾಡಿದ ಹಾಗೆ ನಮಗೂ ಮಾಡಿಕೊಡಿ. ಹೌದು ಎಂದೆ.

"ಸದ್ಯ, ನಿಮಗಾದ್ರೂ ಆಯ್ತಲ್ಲ" ಎಂದರು. ಕೊಂಕಿಲ್ಲದೆ, ಮನಸಾರೆ ಹೇಳಿದರು. ಅಷ್ಟರಲ್ಲಿ ಭದ್ರಾವತಿ ಬಸ್ಸು ಬಂತು. ಹತ್ತಿ ಕಿಟಕಿ ಪಕ್ಕ ಕೂರುವಷ್ಟರಲ್ಲಿ ಫೋನು ಕಿವಿಗೆ ಹೋಗಿತ್ತು. "ಹ್ಞೂಂ ಹೇಳಮ್ಮ, ತೋಳು ಎಷ್ಟು ಇಂಚು?"

ಈಗ ನನ್ನ ಹತ್ತಿರ ಬರುವವರಿಗೆ ಮೊದಲ ದಿನವೇ ಹೇಳುತ್ತೇನೆ. ನಾಲ್ಕು ಜನ ನೋಡುವಾಗಲೇ ಫೀಸು ಹೇಳಿ, ಎಂಬತ್ತು ಸಾವಿರ ಜನರಾದ ಮೇಲೆ ಬಾಯಿ ಬರುವುದಿಲ್ಲ. ಜನ ನಿಮ್ಮನ್ನು ಏನಂತ ಕರೆಯಬೇಕು ಎಂಬುದನ್ನೂ ಇವತ್ತೇ ತೀರ್ಮಾನ ಮಾಡಿ, ಆಮೇಲೆ ಬದಲಾಯಿಸಲು ಬರುವುದಿಲ್ಲ. ಇದನ್ನೆಲ್ಲ ಯಾವ ಕೋರ್ಸಿನಲ್ಲಿ ಕಲಿತಿರಿ ಎಂದು ಕೆಲವರು ಕೇಳುತ್ತಾರೆ. ಭದ್ರಾವತಿಯ ಒಬ್ಬರು ಟೈಲರ್ ಕಲಿಸಿದರು, ನಾನೂ ಅವರಿಗೆ ಫೀಸು ಕೊಟ್ಟಿಲ್ಲ ಎನ್ನುತ್ತೇನೆ.